ನಗರದ ನಕ್ಷೆಯಲ್ಲಿ ದುಡಿಯುವವರ ಮನೆಗೂ ಜಾಗ ಕೊಡಿ: ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಆಯುಕ್ತರು ಹಾಗೂ ಸದಸ್ಯರು,
ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ತುಮಕೂರು.

ವಿಷಯ: ವಲಯ ನಿಯಮಾವಳಿಯಲ್ಲಿ ಕಡಿಮೆ ಆದಾಯದ ಕುಟುಂಬಗಳ ಮನೆಗಳಿಗೆ ಅವಕಾಶ ಕಲ್ಪಿಸುವಂತೆ ಕೋರಿ.

ಮಾನ್ಯರೇ,

ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು, ಎಸ್ಟಿಮೇಟ್ ಹಾಕಿಕೊಡುವುದು, ಕಟ್ಟಡದ ಹತ್ತಿರ ಹೋಗಿ ಮೇಸ್ತ್ರಿ ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡಿಬರುವುದು ನನ್ನ ಕಸುಬು. ಸಿವಿಲ್ ಡಿಪ್ಲೊಮಾ ಮುಗಿಸಿದಂದಿನಿಂದ ತುಮಕೂರಿನಲ್ಲೇ ಈ ಕೆಲಸ ಮಾಡಿಕೊಂಡಿದ್ದೇನೆ. ನನ್ನ ಬಳಿ ಬರುವವರಲ್ಲಿ ಬಂಗಲೆ ಕಟ್ಟಿಸುವವರು ಕಡಿಮೆ. ಆಟೊ ಓಡಿಸುವವರು, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟಿನ ಮೇಲೆ ಹೋಗುವವರು, ಹೋಟೆಲ್ ಸಪ್ಲೈಯರ್‌ಗಳು, ಆಸ್ಪತ್ರೆಯ ಆಯಾಗಳು ಬರುತ್ತಾರೆ. ಅವರೆಲ್ಲ ಕೇಳುವ ಮನೆ ಹೆಚ್ಚುಕಡಿಮೆ ಒಂದೇ ಥರ: ಒಂದು ಹಾಲ್, ಒಂದು ರೂಮು, ಅಡುಗೆಮನೆ, ಬಚ್ಚಲು, ಮಳೆ ಬಂದರೆ ಸೋರದ ಆರ್‌ಸಿಸಿ. ಇಷ್ಟು ಮನೆಯನ್ನು ಕಾನೂನಿನ ಪ್ರಕಾರ, ಕೆಲಸಕ್ಕೆ ಹೋಗಿಬರುವಷ್ಟು ಹತ್ತಿರದಲ್ಲಿ, ಅವರ ಕೈಗೆಟಕುವ ದುಡ್ಡಿನಲ್ಲಿ ಕಟ್ಟಲು ತುಮಕೂರಿನಲ್ಲಿ ದಾರಿಯೇ ಇಲ್ಲವಾಗಿದೆ. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ಬೆಲೆಯನ್ನು ದೂರುವವರಿದ್ದಾರೆ. ಅದೂ ನಿಜ. ಆದರೆ ನನ್ನ ಮೇಜಿಗೆ ಬರುವ ಕಾಗದಪತ್ರ ನೋಡುತ್ತಾ ಬಂದಂತೆ ನನಗೆ ಮನವರಿಕೆಯಾಗಿರುವುದೇನೆಂದರೆ, ಪಾಯ ತೋಡುವುದಕ್ಕೂ ಮೊದಲೇ ಇವರನ್ನು ತಡೆಯುವುದು ನಗರಕ್ಕೆ ನಾವು ಬರೆದುಕೊಂಡಿರುವ ನಿಯಮಗಳು. ಅವನ್ನು ತಿದ್ದುವ ಪ್ರಸ್ತಾವ ಹೊರಡಬೇಕಾದದ್ದು ತಮ್ಮಿಂದ. ಅದಕ್ಕೇ ಈ ಪತ್ರ.

ಈ ವಿಷಯ ಹೊಸದಾಗಿರುವ ಓದುಗರಿಗಾಗಿ ನಾಲ್ಕು ಮಾತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ನಗರಕ್ಕೊಂದು ಮಾಸ್ಟರ್ ಪ್ಲಾನ್ ಆಗುತ್ತದೆ. ಯಾವ ಸರ್ವೆ ನಂಬರ್ ವಾಸಕ್ಕೆ, ಯಾವುದು ವಾಣಿಜ್ಯಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಕೃಷಿಗೆ ಎಂದು ಅದರಲ್ಲಿ ಬಣ್ಣ ಹಚ್ಚಿ ತೋರಿಸಿರುತ್ತಾರೆ. ಜನರ ಬಾಯಲ್ಲಿ ವಾಸಕ್ಕೆ ‘ಯೆಲ್ಲೋ ಬೆಲ್ಟ್’, ಕೃಷಿಗೆ ‘ಗ್ರೀನ್ ಬೆಲ್ಟ್’ ಎಂದು ಓಡಾಡುವುದು ಇದೇ. ನಕ್ಷೆಯ ಜೊತೆಗೆ ವಲಯ ನಿಯಮಾವಳಿ ಇರುತ್ತದೆ. ಸೈಟಿನ ಸುತ್ತ ಎಷ್ಟು ಅಡಿ ಬಿಡಬೇಕು, ಎಷ್ಟು ಮಹಡಿ ಏರಿಸಬಹುದು, ಎಫ್‌ಎಆರ್ (ಸೈಟಿನ ಅಳತೆಗೆ ಎಲ್ಲ ಮಹಡಿ ಸೇರಿ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) ಎಷ್ಟು, ಯಾವ ವಲಯದಲ್ಲಿ ಯಾವ ಕಟ್ಟಡ ಬರಬಹುದು ಎಂಬುದೆಲ್ಲ ಅದರಲ್ಲಿ. ಸಿದ್ಧಪಡಿಸುವುದು ಯೋಜನಾ ಪ್ರಾಧಿಕಾರ, ಒಪ್ಪಿಗೆ ಕೊಡುವುದು ರಾಜ್ಯ ಸರ್ಕಾರ, ನಡುವೆ ಸಾರ್ವಜನಿಕರ ಸಲಹೆ-ಆಕ್ಷೇಪಣೆ ಕೇಳಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂದು ಕಾಯ್ದೆಯ 13ಡಿ ಕಲಂ ಹೇಳುತ್ತದೆ. ಪಕ್ಕಪಕ್ಕದ ಎರಡು ಹೊಲ, ಒಂದೇ ಮಣ್ಣು, ಒಂದೇ ರಸ್ತೆ. ಒಂದಕ್ಕೆ ಹಸಿರು, ಇನ್ನೊಂದಕ್ಕೆ ಹಳದಿ ಬಣ್ಣ ಬಿದ್ದರೆ ಎಕರೆಯ ಬೆಲೆಯಲ್ಲಿ ಎಲ್ಲಿಲ್ಲದ ಅಂತರ ಬೀಳುತ್ತದೆ. ಆ ಹೆಚ್ಚಿನ ಬೆಲೆ ಹುಟ್ಟುವುದು ಸರ್ಕಾರದ ಒಂದು ತೀರ್ಮಾನದಿಂದ. ಅದರಲ್ಲಿ ಊರಿನ ದುಡಿಯುವ ಜನಕ್ಕೆ ಒಂದು ಪಾಲು ಸಲ್ಲಬೇಕು ಎಂಬುದು ನನ್ನ ವಾದದ ತಿರುಳು.

ಈಗ ನಡೆಯುತ್ತಿರುವುದು ಹೇಗೆ ಎಂದು ಒಂದು ಸಂಸಾರದ ಮೂಲಕ ಹೇಳುತ್ತೇನೆ, ಹೆಸರು ಬೇಡ. ಗಂಡ ಹಮಾಲಿ, ಹೆಂಡತಿ ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ. ಚೀಟಿ ಎತ್ತಿ, ಒಡವೆ ಮಾರಿ ರಿಂಗ್ ರೋಡಿನಾಚೆ ಒಂದು 20×30 ಸೈಟ್ ಕೊಂಡರು. ಕೊಂಡ ಮೇಲೆ ನನ್ನಲ್ಲಿಗೆ ಬಂದರು. ಭೂಪರಿವರ್ತನೆ ಆಗಿರಲಿಲ್ಲ, ಲೇಔಟ್‌ಗೆ ಅನುಮೋದನೆ ಇರಲಿಲ್ಲ, ಸರ್ವೆ ನಂಬರ್ ಕೃಷಿ ವಲಯದಲ್ಲಿತ್ತು. ಇಂಥ ಸೈಟಿಗೆ ಪ್ಲಾನ್ ಮಂಜೂರಾಗುವುದಿಲ್ಲ ಎಂದಾಗ ಆ ತಾಯಿ, “ಸುತ್ತಮುತ್ತ ಎಲ್ಲಾರೂ ಕಟ್ಕೊಂಡವ್ರಲ್ಲ ಸಾರ್, ನಾವ್ ಏನ್ ಪಾಪ ಮಾಡಿದ್ವಿ?” ಎಂದರು. ಕೊನೆಗೆ ಅವರೂ ಕಟ್ಟಿಕೊಂಡರು. ಬ್ಯಾಂಕ್ ಸಾಲ ಹುಟ್ಟಲಿಲ್ಲ. ಕೈಸಾಲ, ಸಂಘದ ಸಾಲ, ಮೇಲೆ ವಾರದ ಕಂತಿನ ಫೈನಾನ್ಸ್. ಗೋಡೆ ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ದುಡ್ಡು ಮುಗಿದು ಮೇಲೆ ಸಿಮೆಂಟ್ ಶೀಟ್ ಬಿತ್ತು. ಯುಜಿಡಿ (ಒಳಚರಂಡಿ) ಇಲ್ಲ, ಚರಂಡಿ ಇಲ್ಲ, ನೀರು ಟ್ಯಾಂಕರಿನದು. ಬೀದಿದೀಪ ಇಲ್ಲವೆಂದು ಮಗಳನ್ನು ಸಂಜೆ ಟ್ಯೂಷನ್ನಿನಿಂದ ಬಿಡಿಸಿದರು.

ಇವರು ಕಾನೂನು ಮುರಿಯಬೇಕೆಂದು ಹೊರಟವರಲ್ಲ. ಅನುಮೋದಿತ ಲೇಔಟ್‌ಗಳಲ್ಲಿ ವಿಚಾರಿಸಿಕೊಂಡೇ ಬಂದಿದ್ದರು. ಅಲ್ಲಿ 30×40ಕ್ಕಿಂತ ಚಿಕ್ಕ ಸೈಟ್ ಸಿಗಲಿಲ್ಲ, ಸಿಕ್ಕ ಸೈಟಿನ ಬೆಲೆ ಇವರ ಇಡೀ ಬದುಕಿನ ಉಳಿತಾಯಕ್ಕಿಂತ ದೊಡ್ಡದಾಗಿತ್ತು.

ಇಂಥವರಿಗಾಗಿ ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. 2025ರ ಫೆಬ್ರುವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ-ಖಾತೆ ಕೊಡುವ ಅಭಿಯಾನ ಶುರುವಾಯಿತು. ತೆರಿಗೆ ಕಟ್ಟುವ ದಾರಿಯಾಯಿತು, ಒಂದು ಕಾಗದ ಕೈಗೆ ಬಂತು, ಒಳ್ಳೆಯದೇ. ಆದರೆ ಬಿ-ಖಾತೆ ಬಂದ ಮಾತ್ರಕ್ಕೆ ಮನೆ ಸಕ್ರಮವಾಗುವುದಿಲ್ಲ. ಅಕ್ರಮ-ಸಕ್ರಮ ಎಂಬ ಮಾತನ್ನು ಈ ರಾಜ್ಯ ಎಷ್ಟೋ ವರ್ಷಗಳಿಂದ ಆಡುತ್ತಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಡಿಸೆಂಬರಿನ ಇನ್ನೊಂದು ತೀರ್ಪಿನ ಬಳಿಕ ಮಂಜೂರಾದ ನಕ್ಷೆಯಂತೆ ಕಟ್ಟಿದೆ ಎಂದು ಕೊಡುವ ಸ್ವಾಧೀನ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ಹೊಸದಾಗಿ ಕರೆಂಟ್ ಸಂಪರ್ಕ ಪಡೆಯುವುದೂ ತೊಡಕಾಯಿತು. ಕಟ್ಟಿದ ಮೇಲೆ ಸರಿಪಡಿಸುವ ದಾರಿಗಳು ಹೀಗೆ ಒಂದೊಂದಾಗಿ ಕಿರಿದಾಗುತ್ತಿವೆ. ಕಟ್ಟುವುದಕ್ಕೆ ಮೊದಲೇ ಸರಿಯಾದ ದಾರಿ ತೋರಿಸುವ ಕೆಲಸ ಇನ್ನೂ ಶುರುವಾಗಿಲ್ಲ.

ಶಿರಾ ಗೇಟ್ ದಾಟಿ ಹೋದರೂ, ಗುಬ್ಬಿ ಗೇಟ್ ದಾಟಿ ಹೋದರೂ, ಕುಣಿಗಲ್ ರಸ್ತೆಗೆ ತಿರುಗಿದರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಅನುಮೋದನೆ ಪಡೆದ ಲೇಔಟ್‌ನ ಬಾಗಿಲಲ್ಲಿ ಕಮಾನು, ಒಳಗೆ ಡಾಂಬರು ರಸ್ತೆ, ದೀಪದ ಕಂಬ, ಸಾಲಾಗಿ ನೆಟ್ಟ ಸೈಟಿನ ಕಲ್ಲು. ಕಲ್ಲಿನ ನಡುವೆ ಆಳೆತ್ತರ ಪಾರ್ಥೇನಿಯಂ. ಮನೆ ಎದ್ದಿರುವುದು ಅಲ್ಲೊಂದು ಇಲ್ಲೊಂದು. ಸೈಟು ಕೊಂಡವರು ಬೆಂಗಳೂರಿನಲ್ಲಿದ್ದಾರೆ, ಬೆಲೆ ಏರಲಿ ಎಂದು ಕಾಯುತ್ತಿದ್ದಾರೆ. ಅದೇ ಲೇಔಟಿನ ಕಾಂಪೌಂಡಿಗೆ ಆತುಕೊಂಡು, ಆಚೆ ಬದಿಯ ರೆವಿನ್ಯೂ ಜಮೀನಿನಲ್ಲಿ ಶೀಟಿನ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ರಸ್ತೆ, ದೀಪ, ಚರಂಡಿ ಇರುವ ಕಡೆ ಜನವಿಲ್ಲ; ಜನವಿರುವ ಕಡೆ ರಸ್ತೆ, ದೀಪ, ಚರಂಡಿ ಇಲ್ಲ. ಪಾಲಿಕೆಗೆ ಮುಂದೆ ಎರಡೂ ಕಡೆ ಖರ್ಚು ತಪ್ಪಿದ್ದಲ್ಲ.

ಇನ್ನು ಮೆಟ್ರೊ ವಿಷಯ. ಬೆಂಗಳೂರಿನ ಅಂಚಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ವಿಸ್ತರಿಸುವ ಕಾರ್ಯಸಾಧ್ಯತಾ ಅಧ್ಯಯನವನ್ನು 2024ರ ರಾಜ್ಯ ಬಜೆಟ್ ಘೋಷಿಸಿತು. ಅದೇ ವರ್ಷ ನವೆಂಬರಿನಲ್ಲಿ ಹಸಿರು ಮಾರ್ಗದ ರೈಲು ಮಾದಾವರದ ತನಕ ಬಂತು. ತುಮಕೂರಿಗೆ ಬರುತ್ತದೋ ಇಲ್ಲವೋ, ಯಾವಾಗ ಬರುತ್ತದೋ ಮುಂದಿನ ಮಾತು. ಸೈಟು ಮಾರುವವರ ಬಾಯಲ್ಲಿ ಅದು ಆಗಲೇ ಬಂದು ನಿಂತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ವಸಂತನರಸಾಪುರಕ್ಕೆ 2014ರಲ್ಲಿ ಫುಡ್ ಪಾರ್ಕ್ ಬಂತು, ಅದರ ಹಿಂದೆಯೇ ಒಂದೊಂದಾಗಿ ಕಾರ್ಖಾನೆಗಳು ಬಂದವು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಇವೆಲ್ಲ ಊರಿಗೆ ಬೇಕಾದವೇ. ಆದರೆ ಇಂಥ ಒಂದೊಂದು ಸುದ್ದಿಯೂ ನೆಲದ ಬೆಲೆ ಏರಿಸುತ್ತದೆ, ಏರಿದ ಲಾಭ ನೆಲ ಹಿಡಿದುಕೊಂಡವರಿಗೆ ಹೋಗುತ್ತದೆ. ಬೆಲೆ ಏರಿದ ಮೇಲೆ ಬಡವರಿಗೆಂದು ಜಾಗ ಕೊಳ್ಳಲು ಹೊರಟರೆ ಯಾವ ಸರ್ಕಾರದ ಖಜಾನೆಯೂ ಸಾಲದು. ನಿಯಮ ಮೊದಲು ಬರಬೇಕು, ಈಗಲೇ ಬರಬೇಕು. ನನ್ನ ಆತುರಕ್ಕೆ ಇದೇ ಕಾರಣ.

ನಾನು ಕೇಳುತ್ತಿರುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಖಾಸಗಿ ಲೇಔಟ್‌ಗಳಲ್ಲಿ ಪಾಲು. ಇವತ್ತು ಯಾರೇ ಲೇಔಟ್ ಮಾಡಿದರೂ ರಸ್ತೆಗೆ, ಪಾರ್ಕಿಗೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಟ್ಟುಕೊಡಲೇಬೇಕು. ಬಿಡದಿದ್ದರೆ ಅನುಮೋದನೆ ಇಲ್ಲ. ಇದನ್ನು ಅನ್ಯಾಯ ಎಂದು ಯಾರೂ ಹೇಳುವುದಿಲ್ಲ, ಲೇಔಟ್ ಮಾಡುವವರು ಮೊದಲೇ ಲೆಕ್ಕ ಹಾಕಿಕೊಂಡು ಜಮೀನಿನ ಮಾತು ಆಡುತ್ತಾರೆ. ಅದೇ ಸಾಲಿಗೆ ಇನ್ನೊಂದು ಸೇರಿಸಿ: ಒಂದು ಮಿತಿಗಿಂತ ದೊಡ್ಡ ಲೇಔಟ್‌ನಲ್ಲಿ ಸೈಟುಗಳಾಗುವ ಜಾಗದ ಹತ್ತನೇ ಒಂದು ಪಾಲು ಚಿಕ್ಕ ಸೈಟುಗಳಾಗಬೇಕು, ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ನಿಗದಿತ ದರದಲ್ಲಿ ಹೋಗಬೇಕು.

ಲೆಕ್ಕ ಹಾಕಿ ನೋಡಿ. ಐದು ಎಕರೆ ಎಂದರೆ 2,17,800 ಚದರಡಿ. ರಸ್ತೆ, ಪಾರ್ಕು ಎಲ್ಲ ಕಳೆದು ಅರ್ಧ ಜಾಗ ಸೈಟುಗಳಾಗುತ್ತದೆ ಎಂದಿಟ್ಟುಕೊಳ್ಳೋಣ, 1,08,900 ಚದರಡಿ. ಅದರ ಹತ್ತನೇ ಒಂದು ಪಾಲು 10,890. ಅಷ್ಟರಲ್ಲಿ 15×30ರ 24 ಸೈಟು ಬರುತ್ತವೆ. ಲೇಔಟ್ ಮಾಡಿದವರು ಬಿಟ್ಟುಕೊಡುವುದು 30×40ರ ಒಂಬತ್ತು ಸೈಟಿನಷ್ಟು ನೆಲ, ಅದೂ ಪುಕ್ಕಟೆಯಾಗಿ ಅಲ್ಲ, ಕಡಿಮೆ ದರಕ್ಕೆ. ಈ ಕಡೆ 24 ಸಂಸಾರಗಳು ಡಾಂಬರು ರಸ್ತೆಯ, ಯುಜಿಡಿಯ, ಮಂಜೂರಾದ ಪ್ಲಾನಿನ ಮನೆಗೆ ಹೋಗುತ್ತವೆ.

ಇದನ್ನು ನಾನು ಕಲ್ಪಿಸಿಕೊಂಡು ಹೇಳುತ್ತಿಲ್ಲ. 2007ರ ರಾಷ್ಟ್ರೀಯ ನಗರ ವಸತಿ ಮತ್ತು ಆವಾಸ ನೀತಿಯಲ್ಲೇ ಹೊಸ ವಸತಿ ಯೋಜನೆಗಳ ಶೇ 10ರಿಂದ 15ರಷ್ಟು ನೆಲವನ್ನು ಅಥವಾ ಎಫ್‌ಎಆರ್‌ನ ಶೇ 20ರಿಂದ 25ರಷ್ಟನ್ನು ದುರ್ಬಲ ಮತ್ತು ಕಡಿಮೆ ಆದಾಯದ ವರ್ಗಕ್ಕೆ ಮೀಸಲಿಡುವ ಮಾತಿದೆ. ನೆರೆಯ ತಮಿಳುನಾಡಿನಲ್ಲಿ 10,000 ಚದರ ಮೀಟರಿಗೂ ದೊಡ್ಡ ಲೇಔಟ್ ಆದರೆ ರಸ್ತೆ ಕಳೆದು ಉಳಿದ ಜಾಗದ ಶೇ 10ರಷ್ಟು ದುರ್ಬಲ ವರ್ಗದ ಸೈಟುಗಳಿಗೆ ಹೋಗಬೇಕು. ಗುಜರಾತಿನ 1976ರ ನಗರ ಯೋಜನಾ ಕಾಯ್ದೆ ಟೌನ್ ಪ್ಲಾನಿಂಗ್ ಸ್ಕೀಮ್‌ಗಳಲ್ಲಿ ಹಿಂದುಳಿದವರ ಮನೆಗಳಿಗೆ ಶೇ 10ರವರೆಗೆ ನೆಲ ತೆಗೆದಿಡಲು ಅವಕಾಶ ಕೊಟ್ಟಿದೆ. ಮಹಾರಾಷ್ಟ್ರ 2013ರಲ್ಲಿ ದೊಡ್ಡ ನಗರಗಳಿಗೆ ಇನ್ನೂ ಮುಂದೆ ಹೋಗಿ ಶೇ 20 ಎಂದಿತು. ತಮಿಳುನಾಡಿನ ಹೊಸೂರಿನಲ್ಲಿ ಆಗುವುದು ತುಮಕೂರಿನಲ್ಲಿ ಆಗಬಾರದೇಕೆ?

ಇದರಿಂದ ಯಾರಿಗೂ ಒಂದು ಪೈಸೆ ನಷ್ಟವಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಬಹಳಷ್ಟು ಲೇಔಟ್ ಆಗುವುದು ಜಾಯಿಂಟ್ ವೆಂಚರ್ ಮೇಲೆ. ರೈತ ಜಮೀನು ಕೊಡುತ್ತಾನೆ, ಲೇಔಟ್ ಮಾಡುವವನು ಅಭಿವೃದ್ಧಿ ಮಾಡುತ್ತಾನೆ, ಸೈಟುಗಳನ್ನು ಹಂಚಿಕೊಳ್ಳುತ್ತಾರೆ. ಹೊರೆಯೆಲ್ಲ ರೈತನ ಪಾಲಿಗೆ ಬೀಳದಂತೆ ನಿಯಮ ಬರೆಯಬೇಕು. ಎರಡೆಕರೆ ಇಟ್ಟುಕೊಂಡವನು ತನ್ನ ಮಕ್ಕಳಿಗೆಂದು ನಾಲ್ಕು ಸೈಟು ಮಾಡಿದರೆ ಅವನನ್ನು ಇದಕ್ಕೆ ಎಳೆಯಬೇಡಿ. ಪಾಲು ಕೊಟ್ಟ ಲೇಔಟ್‌ಗೆ ಬದಲಿಯಾಗಿ ಉಳಿದ ಸೈಟುಗಳಲ್ಲಿ ಸ್ವಲ್ಪ ಹೆಚ್ಚುವರಿ ಎಫ್‌ಎಆರ್ ಕೊಡಿ, ಅನುಮೋದನೆಗೆ ಗಡುವು ಕೊಡಿ. ಫೈಲು ಬೇಗ ಮುಗಿದರೆ ಬಡ್ಡಿಗೆ ಸಾಲ ತಂದವನಿಗೆ ಅದೇ ದೊಡ್ಡ ಲಾಭ.

ಕಾಯ್ದೆಯ 14ಎ ಕಲಂ ಅಡಿ ಒಂದೊಂದೇ ಜಮೀನಿನ ಭೂಬಳಕೆ ಬದಲಾವಣೆಗೆ ಅರ್ಜಿ ಬರುತ್ತವಲ್ಲ, ಅಲ್ಲಂತೂ ಇದನ್ನು ಷರತ್ತು ಮಾಡಲು ಸಂಕೋಚ ಬೇಡವೇ ಬೇಡ. ಕೃಷಿಯಿಂದ ವಸತಿಗೆ ಬಣ್ಣ ಬದಲಿಸಿಕೊಳ್ಳುವವರು ಸಾರ್ವಜನಿಕರಿಂದ ಒಂದು ಉಪಕಾರ ಕೇಳುತ್ತಿದ್ದಾರೆ. ಆ ಉಪಕಾರಕ್ಕೆ ಪ್ರತಿಯಾಗಿ ಸಾರ್ವಜನಿಕರು ಕೇಳುವುದು ಹತ್ತರಲ್ಲಿ ಒಂದು ಪಾಲು. ಹೆಚ್ಚುವರಿ ಎಫ್‌ಎಆರ್ ವಿಷಯದಲ್ಲೂ ಅಷ್ಟೇ: ಬಿ.ಎಚ್. ರಸ್ತೆಯಂಥ ಮುಖ್ಯ ರಸ್ತೆಗಳಲ್ಲಿ ಇನ್ನೊಂದು ಮಹಡಿ ಬೇಕೆನ್ನುವವರಿಂದ ದುಡ್ಡಿಗಿಂತ ಮೊದಲು ಸಣ್ಣ ಮನೆಗಳನ್ನು ಕೇಳಿ.

ಎರಡನೆಯದು ಸಣ್ಣ ಸೈಟಿನ ಮನೆಗಳ ವಿಷಯ. ಇದು ನನ್ನ ದಿನನಿತ್ಯದ ಕೆಲಸ, ಸ್ವಲ್ಪ ವಿವರವಾಗಿ ಹೇಳುತ್ತೇನೆ. 20×30 ಸೈಟಿನಲ್ಲಿ ನಾಲ್ಕೂ ಬದಿ ಮೂರು ಮೂರಡಿ ಬಿಡಬೇಕು ಎಂದಿಟ್ಟುಕೊಳ್ಳಿ. ಉಳಿಯುವುದು 14×24, ಅಂದರೆ 336 ಚದರಡಿ. ಗೋಡೆಯ ದಪ್ಪ, ಮೆಟ್ಟಿಲು ಕಳೆದರೆ ಒಂದು ಮಂಚ ಹಾಕಿ ಓಡಾಡಲು ಕಷ್ಟ. ಅದನ್ನೇ 15×30ಕ್ಕೆ ಅನ್ವಯಿಸಿದರೆ ಒಂಬತ್ತು ಅಡಿ ಅಗಲದ ಮನೆ, 216 ಚದರಡಿ. ಸುತ್ತಲೂ ಬಿಟ್ಟ ಆ ಮೂರಡಿಯಲ್ಲಿ ಗಾಳಿ ಬೆಳಕು ಬರುತ್ತದೆ ಎಂಬುದು ನಿಯಮದ ಆಶಯ. ಸಣ್ಣ ಸೈಟುಗಳ ಸಾಲಿನಲ್ಲಿ ಆ ಸಂದಿಯಲ್ಲಿ ಬಿಸಿಲು ಬೀಳುವುದಿಲ್ಲ. ಮುರಿದ ಕೊಡ, ಹಳೆ ಟೈರು, ನಿಂತ ನೀರು, ಸೊಳ್ಳೆ ಸೇರಿಕೊಳ್ಳುತ್ತವೆ. ಬದಲಿಗೆ ಎಡಬಲದ ಮನೆಗಳಿಗೆ ಒಂದೇ ಗೋಡೆ ಮಾಡಿ, ಮುಂದೆ ಹಿಂದೆ ಮಾತ್ರ ಮೂರಡಿ ಬಿಟ್ಟರೆ 15×30ರಲ್ಲಿ 360 ಚದರಡಿ ಸಿಗುತ್ತದೆ. ಸಾಲುಮನೆಯ ನಡುವೆ ಒಂದು ಸಣ್ಣ ಬೆಳಕಿಂಡಿ ಕೊಟ್ಟರೆ ಅಡುಗೆಮನೆಗೂ ಬೆಳಕು. ಪ್ರಧಾನ ಮಂತ್ರಿ ಆವಾಸ್ ಯೋಜನೆ ದುರ್ಬಲ ವರ್ಗದ ಮನೆಗೆ ಹೇಳುವ 30 ಚದರ ಮೀಟರ್ ಎಂದರೆ ಸುಮಾರು 323 ಚದರಡಿ ಕಾರ್ಪೆಟ್ ಏರಿಯಾ (ಗೋಡೆ ಬಿಟ್ಟು ಒಳಗಿನ ಜಾಗ). ಮೇಲೊಂದು ಅಂತಸ್ತು ಹಾಕಿದರೆ ಅಷ್ಟು ಮನೆ ಧಾರಾಳವಾಗಿ ಬರುತ್ತದೆ. ಒಂದು ಗೋಡೆಯ ಇಟ್ಟಿಗೆ, ಸಿಮೆಂಟು, ಕೂಲಿ ಉಳಿಯುವುದು ಬೇರೆ. ಹಾಗಾಗಿ ಅನುಮೋದಿತ ಲೇಔಟ್‌ಗಳಲ್ಲಿ ಸಣ್ಣ ಸೈಟುಗಳಿಗೆ ಸಾಲುಮನೆ ಕಟ್ಟಲು ನಿಯಮಾವಳಿಯಲ್ಲಿ ಸ್ಪಷ್ಟ ಅವಕಾಶ ಕೊಡಿ. ಅಂಥ ಮನೆಗೆ ನಾಲ್ಕಾರು ಮಾದರಿ ನಕ್ಷೆಗಳನ್ನು ಪ್ರಾಧಿಕಾರವೇ ಮೊದಲೇ ಮಂಜೂರು ಮಾಡಿ ಇಟ್ಟರೆ ಬಡವರಿಗೆ ನನ್ನಂಥವರ ಫೀಸು ಕೂಡ ಉಳಿಯುತ್ತದೆ. ನನಗೆ ಕೆಲಸ ಕಡಿಮೆಯಾದರೂ ಚಿಂತೆಯಿಲ್ಲ.

ಸ್ವಂತ ಮನೆಯ ಮಾತಾಡುವ ಭರದಲ್ಲಿ ಬಾಡಿಗೆಯವರನ್ನು ಎಲ್ಲರೂ ಮರೆಯುತ್ತಾರೆ. ಹಳೇ ತುಮಕೂರಿನಲ್ಲಿ, ಚಿಕ್ಕಪೇಟೆ, ಮಂಡಿಪೇಟೆ ಕಡೆ ಈಗಲೂ ಕೆಲವು ವಠಾರಗಳು ಉಳಿದಿವೆ. ಒಂದು ಓಣಿ, ಎರಡು ಬದಿ ನಾಲ್ಕು ನಾಲ್ಕು ಬಾಗಿಲು, ನಡುವೆ ಒಗೆಯುವ ಕಲ್ಲು, ನಲ್ಲಿ, ಓಣಿಯ ಕೊನೆಗೆ ಮಾಲೀಕರ ಮನೆ. ಅಂಥದ್ದೊಂದು ವಠಾರದ ಒಡತಿ, ವಯಸ್ಸಾದ ಅಜ್ಜಿ, ಮಾಡು ಕುಸಿಯುತ್ತಿದೆ ಎಂದು ನನ್ನನ್ನು ಕರೆಸಿದ್ದರು. ಕೆಡವಿ ಹೊಸದಾಗಿ ಎಂಟು ಸಣ್ಣ ಮನೆ ಕಟ್ಟಿಸಿ, ಇದ್ದ ಬಾಡಿಗೆಯವರನ್ನೇ ಇಟ್ಟುಕೊಳ್ಳುವ ಆಸೆ. “ನಲವತ್ತು ವರ್ಷದಿಂದ ನನ್ ಕಣ್ಮುಂದೆ ಇದ್ದವ್ರು ಕಣಪ್ಪ, ಎಲ್ಲಿಗ್ ಹೋಗ್ತಾರೆ?” ಎಂದರು. ಇವತ್ತಿನ ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗ), ಪಾರ್ಕಿಂಗ್ ನಿಯಮಗಳನ್ನು ಆ ಜಾಗಕ್ಕೆ ಹೊಂದಿಸಿ ನಕ್ಷೆ ಹಾಕಿದರೆ ಎಂಟು ಮನೆ ಕೂರುವುದಿಲ್ಲ. ಕೆಳಗೆ ಅಂಗಡಿ, ಮೇಲೆ ಒಂದು ದೊಡ್ಡ ಮನೆ ಎಂದರೆ ಕೂರುತ್ತದೆ. ಅಂದರೆ ಎಂಟು ಸಂಸಾರ ಇದ್ದ ಕಡೆ ಒಂದು ಸಂಸಾರ. ಸೈಕಲ್ ಬಿಟ್ಟು ಬೇರೆ ವಾಹನವಿಲ್ಲದ ಬಾಡಿಗೆದಾರರಿಗಾಗಿ ಕಾರು ನಿಲ್ಲಿಸುವ ಜಾಗ ಬಿಡಬೇಕೆಂದರೆ ಆ ಜಾಗದ ಬೆಲೆಯೂ ಬಾಡಿಗೆಗೆ ಸೇರುತ್ತದೆ. ಒಳಗೇ ಶೌಚಾಲಯ, ಬೆಂಕಿ ಸುರಕ್ಷತೆ, ಗಾಳಿ ಬೆಳಕು ಇರಬೇಕು, ಅದರಲ್ಲಿ ರಾಜಿ ಬೇಡ. ಅಷ್ಟನ್ನು ಖಾತರಿ ಮಾಡಿಕೊಂಡು ವಠಾರದ ಮಾದರಿಯ ಬಾಡಿಗೆ ಮನೆಗಳಿಗೆ ವಸತಿ ವಲಯದಲ್ಲಿ ಅವಕಾಶ ಕೊಡಿ, ಬಸ್ಸು ಸಿಗುವ ರಸ್ತೆಗಳ ಹತ್ತಿರ ಪಾರ್ಕಿಂಗ್ ಕಡ್ಡಾಯವನ್ನು ಸಡಿಲಿಸಿ.

ತುಮಕೂರು ಕಾಲೇಜುಗಳ ಊರು. ವಿದ್ಯಾರ್ಥಿಗಳು ಬರಲಿ, ಅವರಿಂದ ಊರು ಬೆಳೆದಿದೆ. ಆದರೆ ಕಾಲೇಜುಗಳ ಸುತ್ತಿನ ಬಡಾವಣೆಗಳಲ್ಲಿ ಸಂಸಾರಕ್ಕೆ ಕೊಡುತ್ತಿದ್ದ ಮನೆಗಳು ಪಿಜಿ ಆಗುತ್ತಿವೆ. ಒಂದು ರೂಮಿಗೆ ನಾಲ್ಕು ಹುಡುಗರಿಂದ ಬರುವ ದುಡ್ಡನ್ನು ಒಂದು ಸಂಸಾರ ಕೊಡಲಾಗುವುದಿಲ್ಲ. ಕಾಲೇಜುಗಳ ಹತ್ತಿರ ಹಾಸ್ಟೆಲ್‌ಗಳಿಗೆಂದೇ ಹೆಚ್ಚು ಎಫ್‌ಎಆರ್ ಕೊಟ್ಟರೆ ಸಂಸಾರಸ್ಥರ ಮನೆಗಳ ಮೇಲಿನ ಒತ್ತಡ ತಗ್ಗುತ್ತದೆ.

ವಸಂತನರಸಾಪುರದ ಕಥೆ ಇನ್ನೂ ಬೇರೆ. ಶಿಫ್ಟ್ ಬಿಟ್ಟ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಬೇಕು. ಕಂಪನಿ ಬಸ್ಸು, ಟೆಂಪೊ, ಮೂವರು ಕೂತ ಬೈಕು. ಕೈಗಾರಿಕಾ ವಲಯ ಎಂದ ಮೇಲೆ ವಾಸದ ಮನೆಗೆ ಅಲ್ಲಿ ಜಾಗ ಗುರುತಿಸುವುದಿಲ್ಲ, ಹೊಗೆ-ಶಬ್ದದ ಮಧ್ಯೆ ಮನೆ ಬೇಡ ಎಂಬುದು ಸರಿಯಾದ ಕಾಳಜಿ. ಆದರೆ ಇಡೀ ಪ್ರದೇಶದ ಅಂಚಿನಲ್ಲಿ, ಮಾಲಿನ್ಯವಿಲ್ಲದ ಘಟಕಗಳ ಪಕ್ಕದಲ್ಲಿ ಕಾರ್ಮಿಕರ ಬಾಡಿಗೆ ವಸತಿಗೆ ಒಂದು ಪಟ್ಟಿ ಗುರುತಿಸಲು ಏನು ಅಡ್ಡಿ? ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯನ್ನು ಕೇಂದ್ರ 2020ರಲ್ಲೇ ತಂದಿದೆ. ಈಗ ಕೋರಾ ಸುತ್ತಿನ ಹಳ್ಳಿಗಳಲ್ಲಿ ದನದ ಕೊಟ್ಟಿಗೆಗಳೇ ರೂಮುಗಳಾಗಿವೆ. ಉತ್ತರ ಕರ್ನಾಟಕದಿಂದ, ಬಿಹಾರದಿಂದ, ಒಡಿಶಾದಿಂದ ಬಂದವರು ಒಂದೊಂದು ರೂಮಿನಲ್ಲಿ ಆರೇಳು ಜನ ಪಾಳಿಯ ಮೇಲೆ ಮಲಗುತ್ತಾರೆ. ರಾತ್ರಿ ಪಾಳಿ ಮುಗಿಸಿದ ಹೆಣ್ಣುಮಕ್ಕಳು ಬೆಳಗಿನ ಜಾವ ಇಪ್ಪತ್ತು ಕಿಲೋಮೀಟರ್ ಬಂದು ಮನೆ ಸೇರುವ ಬದಲು ನಡೆದು ಹೋಗುವಷ್ಟು ದೂರದಲ್ಲಿ ಒಂದು ಭದ್ರವಾದ ಹಾಸ್ಟೆಲ್ ಇರಬಾರದೇ? ಕೈಗಾರಿಕೆಗೆ ನೂರಾರು ಎಕರೆ ಗುರುತಿಸಿದಾಗಲೇ ಅಲ್ಲಿ ದುಡಿಯುವವರು ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಗೂ ನಕ್ಷೆಯಲ್ಲಿ ಉತ್ತರ ಇರಬೇಕಿತ್ತು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. “ಕಡಿಮೆ ದರಕ್ಕೆ ಕೊಟ್ಟರೆ ಮಾರಿಕೊಂಡು ಹೋಗುತ್ತಾರೆ” ಎನ್ನುತ್ತಾರೆ. ಹಾಗೆ ಆಗಿದ್ದೂ ಉಂಟು. ಅದಕ್ಕೆ ಕ್ರಯಪತ್ರದಲ್ಲೇ ಷರತ್ತು ಹಾಕಿ: ಇಂತಿಷ್ಟು ವರ್ಷ ಮಾರುವಂತಿಲ್ಲ, ಆಮೇಲೂ ಆದಾಯ ಮಿತಿಯೊಳಗಿನ ಕುಟುಂಬಕ್ಕೆ ಮಾತ್ರ, ಪ್ರಾಧಿಕಾರ ನಿಗದಿ ಮಾಡಿದ ದರಕ್ಕೆ. ಮನೆಯ ಯಜಮಾನಿಯ ಹೆಸರಿಗೆ ಮಾಡಿ. ಅವಳ ಸಹಿ ಇಲ್ಲದೆ ಮನೆ ಕೈಬಿಡುವುದಿಲ್ಲ ಎಂಬುದನ್ನು ನಾನು ಬಹಳ ಸಂಸಾರಗಳಲ್ಲಿ ಕಂಡಿದ್ದೇನೆ. ಎರಡು ಮೂರು ಸಣ್ಣ ಸೈಟು ಸೇರಿಸಿ ಒಂದು ಮಾಡಲು ಅನುಮತಿ ಕೊಡಲೇಬೇಡಿ. ಯಾವ ಲೇಔಟ್‌ನಲ್ಲಿ ಎಷ್ಟು ಸೈಟು ಮೀಸಲು, ಯಾವ ನಂಬರು, ಹಂಚಿಕೆ ಆಯಿತೇ ಎಂಬುದನ್ನು ಯಾರು ಬೇಕಾದರೂ ನೋಡುವಂತೆ ವೆಬ್‌ಸೈಟಿನಲ್ಲಿ ಹಾಕಿ, ಲೇಔಟಿನ ಬಾಗಿಲ ಬೋರ್ಡಿನಲ್ಲೂ ಬರೆಸಿ. ಹಂಚಿಕೆ ಲಾಟರಿಯಲ್ಲಿ, ಎಲ್ಲರ ಮುಂದೆ ನಡೆಯಲಿ. ಯಾರ ಚೀಟಿ-ಶಿಫಾರಸೂ ಬೇಡ.

ನೀರಿನ ಪ್ರಶ್ನೆ ಗಂಭೀರವಾದದ್ದು. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಂದರೆ ನಮಗೆ ನೀರು, ಇಲ್ಲವಾದರೆ ಪರದಾಟ. ಮನೆ ಒತ್ತಾದರೆ ನೀರು ಎಲ್ಲಿಂದ ಎಂದು ಕೇಳುವವರ ಮಾತಿನಲ್ಲಿ ನ್ಯಾಯವಿದೆ. ಆದರೆ ಆ ಜನ ಈಗಾಗಲೇ ಇಲ್ಲೇ ಇದ್ದಾರೆ, ಈಗಾಗಲೇ ನೀರು ಕುಡಿಯುತ್ತಿದ್ದಾರೆ, ಟ್ಯಾಂಕರಿಗೆ ದುಡ್ಡು ಕೊಟ್ಟು ಕುಡಿಯುತ್ತಿದ್ದಾರೆ. ಖಾಲಿ ಸೈಟುಗಳ ನಡುವೆ ಮೈಲಿಗಟ್ಟಲೆ ಪೈಪು ಎಳೆಯುವುದಕ್ಕಿಂತ ಒತ್ತಾದ ಮನೆಗಳಿಗೆ ನೀರು ಮುಟ್ಟಿಸುವುದು ಪಾಲಿಕೆಗೆ ಅಗ್ಗ.

ಇನ್ನೊಂದು ಆಕ್ಷೇಪ ಮೆಲ್ಲಗಿನ ದನಿಯಲ್ಲಿ ಬರುತ್ತದೆ. ಸಣ್ಣ ಸೈಟಿನವರು ಪಕ್ಕಕ್ಕೆ ಬಂದರೆ ಲೇಔಟಿನ ‘ಸ್ಟ್ಯಾಂಡರ್ಡ್’ ಇಳಿಯುತ್ತದೆ ಎಂದು. ಇಂಥ ಮಾತನ್ನು ನಿಯಮ ಬರೆಯುವವರು ಕಿವಿಗೆ ಹಾಕಿಕೊಳ್ಳಬಾರದು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆ ಲೇಔಟಿನ ಮನೆಗಳಲ್ಲಿ ಬೆಳಿಗ್ಗೆ ಪಾತ್ರೆ ತೊಳೆಯುವವರು, ಮಕ್ಕಳನ್ನು ಶಾಲೆಗೆ ಆಟೊದಲ್ಲಿ ಬಿಡುವವರು, ಹಾಲು ಹಾಕುವವರು, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರು ಇವರೇ. ಹನ್ನೆರಡು ಗಂಟೆ ಒಳಗೆ ಇರಬಹುದು, ರಾತ್ರಿ ಮಲಗಲು ಮಾತ್ರ ಆಚೆ ಹೋಗಬೇಕು ಎಂಬುದು ಯಾವ ಲೆಕ್ಕದ ನ್ಯಾಯ? ಸೂರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1995ರ ಚಮೇಲಿ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಹಸಿವಾದವರಿಗೆಲ್ಲ ದಾಸೋಹ ನಡೆಸುವ ಸಿದ್ಧಗಂಗೆ ಈ ಊರಿನಲ್ಲಿದೆ. ಜಾತಿ, ದುಡ್ಡು ನೋಡದೆ ಒಂದೇ ಸಾಲಿನಲ್ಲಿ ಕೂತು ಉಂಡ ಊರಿನವರು ನಾವು.

ಕಾನೂನಿನ ಒಂದು ಸೂಕ್ಷ್ಮವೂ ಇದೆ. ಪಾಲು ಕಡ್ಡಾಯ ಮಾಡುವ ನಿಯಮವನ್ನು ಯಾರಾದರೂ ಕೋರ್ಟಿಗೆ ಒಯ್ದರೆ ಗಟ್ಟಿ ಆಧಾರ ಬೇಕು. ಆದ್ದರಿಂದ ಸಾಲುಮನೆ, ವಠಾರ, ಪಾರ್ಕಿಂಗ್ ಸಡಿಲಿಕೆ, ಕಾರ್ಮಿಕ ವಸತಿ ಪಟ್ಟಿಯನ್ನು ವಲಯ ನಿಯಮಾವಳಿಯಲ್ಲೇ ತನ್ನಿ. ಲೇಔಟ್‌ಗಳ ಪಾಲಿನ ವಿಷಯದಲ್ಲಿ ಪ್ರಾಧಿಕಾರ ಸಭೆಯಲ್ಲಿ ನಿರ್ಣಯ ಮಾಡಿ, ಅಗತ್ಯವಿದ್ದರೆ ಕಾಯ್ದೆಗೇ ತಿದ್ದುಪಡಿ ತರುವಂತೆ ನಗರಾಭಿವೃದ್ಧಿ ಇಲಾಖೆಗೆ ಕಳುಹಿಸಿ. ನಮ್ಮ ಜಿಲ್ಲೆಯ ಶಾಸಕರು, ಸಚಿವರು ಅದನ್ನು ವಿಧಾನಸೌಧದಲ್ಲಿ ಎತ್ತಿ ಹಿಡಿಯಬೇಕೆಂದು ಅವರಲ್ಲೂ ಈ ಪತ್ರದ ಮೂಲಕವೇ ಕೋರುತ್ತೇನೆ.

ಕೊನೆಯದಾಗಿ ಸಲಹೆ-ಆಕ್ಷೇಪಣೆ ಕೇಳುವ ವಿಧಾನದ ಬಗ್ಗೆ. ಪತ್ರಿಕೆಯ ಒಳಪುಟದ ಪ್ರಕಟಣೆ ಹಮಾಲಿಗೆ, ಆಯಾಗೆ ತಲುಪುವುದಿಲ್ಲ. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರೂ ಬರಲಾರರು. ಮಾಸ್ಟರ್ ಪ್ಲಾನಿನ ಮುಂದಿನ ಪರಿಷ್ಕರಣೆಗೆ ಕೈ ಹಾಕುವಾಗ ಕರಡು ನಕ್ಷೆಯನ್ನು ಸರ್ವೆ ನಂಬರ್ ಓದಲು ಬರುವಷ್ಟು ದೊಡ್ಡದಾಗಿ, ಕನ್ನಡದಲ್ಲಿ, ವಾರ್ಡ್ ವಾರ್ಡಿನಲ್ಲೂ ಅಂಟಿಸಿ. ಒಂದು ಭಾನುವಾರ ಸಂಜೆ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಬಹಿರಂಗ ಸಭೆ ಕರೆಯಿರಿ. ಲೇಔಟ್ ಮಾಡುವವರು, ರೈತರು, ಬಾಡಿಗೆದಾರರು, ಪೌರಕಾರ್ಮಿಕರು, ಫ್ಯಾಕ್ಟರಿ ಕೆಲಸಗಾರರು ಎಲ್ಲರೂ ಬರಲಿ. ಮೇಲೆ ಹೇಳಿದ ಸಾಲುಮನೆಗಳ ಮತ್ತು ಎಂಟು ಮನೆಯ ವಠಾರದ ನಕ್ಷೆಗಳನ್ನು ಅಳತೆ, ಅಂದಾಜು ವೆಚ್ಚದ ಸಮೇತ ನಾನು ಸಿದ್ಧ ಮಾಡಿ ಇಟ್ಟಿದ್ದೇನೆ. ತಾವು ದಿನಾಂಕ ತಿಳಿಸಿದರೆ ಅವನ್ನು ತಂದು ಸಭೆಯ ಮುಂದೆ ಹರಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಮನೆ ನಕ್ಷೆ ಬರೆಯುವ ಒಬ್ಬ ಸಿವಿಲ್ ಡಿಪ್ಲೊಮಾದಾರ,
ತುಮಕೂರು